ಹೈಗದ ಬುಡದಲ್ಲಿ ಎದ್ದ ಅಣಬೆಗಳು: ಹೆಸರು ಹಚ್ಚಲು ಸಹಾಯ ಬೇಕು

ಕಾನಂಚಿನ ಮನೆ, ಸಿದ್ದಾಪುರ

ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿದು ಹೊಡೆದ ಮೇಲೆ ನಮ್ಮ ಕಾನಿನ (ದಟ್ಟ ಕಾಡಿನ) ಅಂಚಿನಲ್ಲಿ ಎಲ್ಲಿ ನೋಡಿದರೂ ಅಣಬೆ. ತಿನ್ನುವುದಕ್ಕೆ ಕೇಳುತ್ತಿಲ್ಲ. ಇವು ಯಾವುವು, ಅಲ್ಲೇ ಯಾಕೆ ಏಳುತ್ತವೆ ಎಂದು ತಿಳಿಯುವ ಆಸೆ.

ನಾಲ್ಕು ತರ ಕಂಡಿವೆ. ಒಂದು ಹೈಗದ ಮರದ ಕೆಳಗೆ, ದರಕಿನ (ಉದುರಿದ ಒಣ ಎಲೆಯ) ನಡುವೆ. ಕೆಂಪು ಟೋಪಿ, ಬಿಳಿ ದಂಟು. ದಂಟು ಹಿಡಿದರೆ ಪಟಕ್ಕನೆ ಮುರಿಯುತ್ತದೆ. ಎರಡನೆಯದು ಅದೇ ಮರದಿಂದ ಸ್ವಲ್ಪ ದೂರ. ಕಂದು ಬಣ್ಣ, ದಪ್ಪ ದಂಟು. ಟೋಪಿಯ ಅಡಿಯಲ್ಲಿ ಕಿವಿರುಗಳಿಲ್ಲ, ಸಣ್ಣ ಸಣ್ಣ ತೂತುಗಳಿವೆ. ಬೆರಳಲ್ಲಿ ಒತ್ತಿದರೆ ಆ ಜಾಗ ನೀಲಿಯಾಗುತ್ತದೆ. ಮೂರನೆಯದು ಸೊಪ್ಪಿನ ಬೆಟ್ಟದಲ್ಲಿ, ಒರಲೆ (ಗೆದ್ದಲು) ಹುತ್ತದ ಪಕ್ಕ. ಬೂದು ಬಿಳಿ, ಟೋಪಿಯ ನಡುವೆ ಮೊನೆ. ನಾಲ್ಕನೆಯದು ತೋಟದಲ್ಲಿ. ಹಳೇ ಅಡಿಕೆ ಮರದ ಬುಡಕ್ಕೆ ಅಂಟಿಕೊಂಡಿದೆ. ಗಟ್ಟಿ, ಕೆಂಗಂದು, ಮೇಲೆ ಒಳ್ಳೇ ಹೊಳಪು.

ಮನೆಯಲ್ಲಿ ಇದರದ್ದೇ ಮಾತು. ಅಣ್ಣನ ಮಗಳು, ಅಣಬೆ ಮರಕ್ಕೆ ಊಟ ಕೊಡುತ್ತದೆ ಎನ್ನುತ್ತಾಳೆ. ಪಕ್ಕದ ಮನೆ ಭಾವ, ಅಣಬೆ ಎದ್ದ ಮರ ಉಳಿಯುವುದಿಲ್ಲ, ಕಿತ್ತು ಬಿಸಾಕಿ ಎನ್ನುತ್ತಾರೆ. ಯಾರ ಮಾತು ಸರಿ?

ಚಿರೆಕಲ್ಲು, ಕುಮಟಾ

ಇಬ್ಬರ ಮಾತೂ ಸರಿ. ಆದರೆ ಬೇರೆ ಬೇರೆ ಅಣಬೆಗೆ. ನೀವು ಹೇಳಿದ ನಾಲ್ಕರಲ್ಲಿ ಎರಡು ಮರದ ಬೇರಿನ ಜೊತೆ ಕೊಡುಕೊಳ್ಳುವವು, ಒಂದು ಒರಲೆಯ ಜೊತೆ ಬಾಳುವುದು, ಒಂದು ಮರವನ್ನೇ ತಿನ್ನುವುದು. ಇವಲ್ಲದೆ ಸತ್ತ ಕಟ್ಟಿಗೆ, ದರಕು, ಸಗಣಿ ಕೊಳೆಸಿ ಬದುಕುವವು ಇನ್ನೊಂದು ದೊಡ್ಡ ಗುಂಪು. ಅಣಬೆ ಕಂಡ ಕೂಡಲೇ ಬಣ್ಣ ನೋಡಬೇಡಿ. ಇದು ಯಾವುದರ ಮೇಲೆ ಬದುಕುತ್ತಿದೆ ಎಂದು ಮೊದಲು ನೋಡಿ. ಮೇಲೆ ಯಾವ ಮರ ಇದೆ, ಕೆಳಗೆ ಹುತ್ತ ಇದೆಯೋ, ಹೂತ ಕಟ್ಟಿಗೆ ಇದೆಯೋ. ಇಷ್ಟು ತಿಳಿದರೆ ಹೆಸರಿನ ಅರ್ಧ ದಾರಿ ಸಾಗಿದ ಹಾಗೆ.

ಫೋಟೋ ಹಾಕುವಾಗ ಟೋಪಿಯ ಮೇಲ್ಭಾಗ ಮಾತ್ರ ಬೇಡ. ಅಡಿಯದ್ದು ಒಂದು, ಉದ್ದಕ್ಕೆ ಸೀಳಿದ್ದು ಒಂದು, ಬುಡದ್ದು ಒಂದು ಬೇಕು. ಬುಡವನ್ನು ಎಳೆದು ಕೀಳಬೇಡಿ. ಕತ್ತಿ ಮೊನೆಯಿಂದ ಸುತ್ತ ಮಣ್ಣು ಬಿಡಿಸಿ ಇಡೀ ಎಬ್ಬಿಸಿ. ಬುಡದಲ್ಲಿ ಚೀಲದಂತೆ ಏನಾದರೂ ಇದೆಯೋ, ಬೇರಿನಂತೆ ಕೆಳಗೆ ಇಳಿದಿದೆಯೋ ಎಂಬುದು ಮಣ್ಣಿನೊಳಗೇ ಉಳಿದುಬಿಟ್ಟರೆ ಮುಖ್ಯ ಗುರುತೇ ಹೋಯಿತು.

ಬೀಜಾಣು ಅಚ್ಚು ತೆಗೆಯಲು ಬರುತ್ತದಾ? ದಂಟು ಕತ್ತರಿಸಿ, ಟೋಪಿಯನ್ನು ಅಡಿ ಮುಖವಾಗಿ ಕಾಗದದ ಮೇಲೆ ಇಡಿ. ಕಾಗದ ಅರ್ಧ ಬಿಳಿ, ಅರ್ಧ ಕಪ್ಪು ಇರಲಿ. ಮೇಲೆ ಬಟ್ಟಲು ಕವುಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪುಡಿಯ ಬಣ್ಣ ಕಾಣುತ್ತದೆ. ಟೋಪಿಯ ಬಣ್ಣ ಮಳೆಗೆ ತೊಳೆದು ಹೋಗುತ್ತದೆ. ಬೀಜಾಣುವಿನ ಬಣ್ಣ ಹಾಗಲ್ಲ, ಅದನ್ನು ನಂಬಬಹುದು.

ತೋಟಿಗ, ಯಲ್ಲಾಪುರ

ನಾಲ್ಕನೆಯದರ ಬಗ್ಗೆ ತಡ ಮಾಡಬೇಡಿ. ಅದು ಗ್ಯಾನೋಡರ್ಮಾ. ನಮ್ಮ ಕಡೆ ಅಣಬೆ ರೋಗ ಎಂದು ಹೇಳುವುದು ಇದನ್ನೇ. ನಿಮ್ಮ ಭಾವನ ಮಾತು ಇಲ್ಲಿ ನೂರಕ್ಕೆ ನೂರು ನಿಜ. ಆದರೆ ಅಣಬೆ ಕಿತ್ತು ಬಿಸಾಕಿದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಹೊರಗೆ ಅಣಬೆ ಕಂಡಿದೆ ಎಂದರೆ ಒಳಗೆ ಬೇರು, ಬುಡ ಆಗಲೇ ಕೊಳೆತಿದೆ.

ಮೊದಲು ಹೊರಗಿನ ಸೋಗೆ ಹಳದಿಯಾಗಿ ಜೋತು ಬೀಳುತ್ತದೆ. ಬರ ಬಿದ್ದ ಮರದ ಹಾಗೆ ಕಾಣುತ್ತದೆ, ನೀರು ಕಮ್ಮಿ ಆಯಿತು ಎಂದುಕೊಳ್ಳುತ್ತೇವೆ. ಆಮೇಲೆ ಬುಡದಲ್ಲಿ ಕಂದು ಅಂಟು ಒಸರುತ್ತದೆ. ಅಣಬೆ ಬರುವುದು ಕಡೆಗೆ. ರೋಗ ಬೇರಿನಿಂದ ಬೇರಿಗೆ, ಮಣ್ಣಿನಲ್ಲಿ ಪಕ್ಕದ ಮರಕ್ಕೆ ದಾಟುತ್ತದೆ. ಅದಕ್ಕೇ ಸತ್ತ ಮರವನ್ನು ಕಡಿದು ಬುಡ ಹಾಗೇ ಬಿಡಬಾರದು. ಬುಡ, ಬೇರು ಎಲ್ಲ ಅಗೆದು ತೆಗೆದು ಸುಡಬೇಕು. ರೋಗದ ಮರದ ಸುತ್ತ ಕಂದಕ ತೆಗೆದು ಉಳಿದ ಮರಗಳಿಂದ ಬೇರ್ಪಡಿಸಬೇಕು. ಆ ಮರದ ಬುಡದ ನೀರು ಪಕ್ಕದ ಮರಕ್ಕೆ ಹರಿಯದ ಹಾಗೆ ಬಸಿಗಾಲುವೆ ಸರಿ ಮಾಡಿ. ಬೇವಿನ ಹಿಂಡಿ, ಟ್ರೈಕೋಡರ್ಮಾ ಎಂಬ ಒಳ್ಳೇ ಶಿಲೀಂಧ್ರವನ್ನು ಅಕ್ಕಪಕ್ಕದ ಮರಗಳಿಗೆ ಹಾಕುತ್ತಾರೆ. ತೆಂಗಿಗೂ ಇದೇ ಜಾತಿ ಬರುತ್ತದೆ, ಹಾಗಾಗಿ ಅಂಗಳದ ತೆಂಗನ್ನೂ ಒಮ್ಮೆ ನೋಡಿ ಬನ್ನಿ.

ಬೇರು ನೋಡುವವಳು, ಶಿರಸಿ

ಅಕ್ಕ, ಹೈಗದ ಕೆಳಗಿನ ಎರಡರ ಬಗ್ಗೆ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ನಾನು ಅರಣ್ಯಶಾಸ್ತ್ರ ಓದಿದವಳು, ಈ ವಿಷಯ ಸಿಕ್ಕರೆ ನಿಲ್ಲಿಸಲು ಮನಸ್ಸು ಬರುವುದಿಲ್ಲ.

ಕೆಂಪು ಟೋಪಿಯದ್ದು ರಸ್ಸುಲಾ ಕುಲ ಇರಬೇಕು. ದಂಟು ನಾರುನಾರಾಗಿ ಸೀಳದೆ ಪಟಕ್ಕನೆ ಮುರಿಯುವುದೇ ಅದರ ಗುರುತು. ಅದರ ಮಾಂಸದಲ್ಲಿ ಉದ್ದ ಎಳೆಗಳ ಜೊತೆ ದುಂಡಗಿನ ಕೋಶಗಳು ಗುಂಪುಗುಂಪಾಗಿ ಇರುತ್ತವೆ, ಅದಕ್ಕೇ ಹಾಗೆ ಮುರಿಯುತ್ತದೆ. ಮುರಿದಾಗ ಹಾಲು ಬಂದಿದ್ದರೆ ಅದರ ಹತ್ತಿರದ ನೆಂಟ ಲ್ಯಾಕ್ಟೇರಿಯಸ್ ಅಥವಾ ಲ್ಯಾಕ್ಟಿಫ್ಲುಯಸ್. ತೂತಿನದು ಬೊಲೀಟ್ ಗುಂಪು. ನೀಲಿ ಆಗುವುದು ಅದರೊಳಗಿನ ಬಣ್ಣದ ವಸ್ತು ಗಾಳಿ ತಾಗಿ ಬದಲಾಗುವುದರಿಂದ. ನೀಲಿಯಾದರೆ ವಿಷ, ಆಗದಿದ್ದರೆ ಒಳ್ಳೆಯದು ಎಂದು ಲೆಕ್ಕ ಹಾಕಬೇಡಿ.

ಈಗ ಮರದ ವಿಷಯ. ಹೈಗ ಡಿಪ್ಟೆರೊಕಾರ್ಪ್ ಕುಟುಂಬದ್ದು. ಬೋಗಿ, ಸಾಲುಧೂಪ, ಮಧ್ಯ ಭಾರತದ ಸಾಲ್ ಮರ ಎಲ್ಲ ಒಂದೇ ಕುಟುಂಬ. ಹೊನ್ನಾವರದ ಕರಿಕಾನಮ್ಮನ ಕಾನಿನಲ್ಲಿ ಇರುವ ಆ ಎತ್ತರದ ಡಿಪ್ಟೆರೊಕಾರ್ಪಸ್ ಇಂಡಿಕಸ್ ಮರಗಳೂ ಇದೇ ಕುಟುಂಬ. ಈ ಕುಟುಂಬದ ಬೇರುಗಳು ಎಕ್ಟೋಮೈಕೊರೈಜಾ ಎಂಬ ತರದ ಶಿಲೀಂಧ್ರಗಳ ಜೊತೆ ಕೂಡುತ್ತವೆ. ರಸ್ಸುಲಾ, ಬೊಲೀಟ್, ಅಮಾನಿಟಾ, ಕ್ಯಾಂಥರೆಲಸ್ ಎಲ್ಲ ಈ ಗುಂಪಿನಲ್ಲಿ ಬರುತ್ತವೆ. ಅದಕ್ಕೇ ಅವು ನಿಮ್ಮ ಹೈಗದ ಕೆಳಗೆ ಎದ್ದವು, ತೋಟದಲ್ಲಿ ಏಳಲಿಲ್ಲ.

ಒಂದು ಕೆಲಸ ಮಾಡಿ. ಹೈಗದ ಬುಡದಿಂದ ಒಂದೆರಡು ಮಾರು ದೂರದಲ್ಲಿ ದರಕು ಸರಿಸಿ, ಮೇಲಿನ ಕಪ್ಪು ಮಣ್ಣಿನಲ್ಲಿರುವ ತೀರಾ ಸಣ್ಣ ಬೇರೊಂದನ್ನು ತೆಗೆದು ನೀರಿನಲ್ಲಿ ಅಲುಗಿಸಿ. ಭೂತಗನ್ನಡಿ ಹಿಡಿದು ನೋಡಿ. ಬೇರಿನ ತುದಿಗಳು ಮೊಂಡಾಗಿ, ದಪ್ಪಗೆ, ಕವಲೊಡೆದು ಕಾಣುತ್ತವೆ. ಬೇರುಗೂದಲು ಇರುವುದಿಲ್ಲ. ತುದಿಯ ಮೇಲೆ ಬಿಳಿ, ಕಂದು ಅಥವಾ ಕಪ್ಪು ಹೊದಿಕೆ ಇರುತ್ತದೆ. ಆ ಹೊದಿಕೆಯೇ ಶಿಲೀಂಧ್ರ. ಅದರ ಎಳೆಗಳು ಬೇರಿನ ಹೊರಪದರದ ಕೋಶಗಳ ಸಂದಿನಲ್ಲಿ ಬಲೆಯಂತೆ ನುಗ್ಗುತ್ತವೆ, ಆದರೆ ಕೋಶದ ಒಳಗೆ ಹೋಗುವುದಿಲ್ಲ. ಆ ಬಲೆಯಲ್ಲೇ ಕೊಡುಕೊಳ್ಳುವಿಕೆ ನಡೆಯುವುದು. ಮರ ಎಲೆಯಲ್ಲಿ ಮಾಡಿದ ಸಕ್ಕರೆ ಕೆಳಗೆ ಕಳಿಸುತ್ತದೆ. ಶಿಲೀಂಧ್ರ ರಂಜಕ, ಸಾರಜನಕ, ನೀರು ತಂದು ಕೊಡುತ್ತದೆ.

ನಮ್ಮ ಚಿರೆಮಣ್ಣಿನಲ್ಲಿ (ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ) ಇದರ ಬೆಲೆ ಇನ್ನೂ ಜಾಸ್ತಿ. ಇಲ್ಲಿನ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರು ತನ್ನ ಸುತ್ತ ಸಿಗುವಷ್ಟನ್ನು ಬೇಗ ಹೀರಿ ಮುಗಿಸುತ್ತದೆ. ಶಿಲೀಂಧ್ರದ ಎಳೆ ಕೂದಲಿಗಿಂತ ಎಷ್ಟೋ ಸಪೂರ. ಬೇರು ಹೋಗದ ಸಂದಿಗೆಲ್ಲ ಹೋಗಿ, ಆಮ್ಲ, ಕಿಣ್ವ ಬಿಟ್ಟು ಅದನ್ನು ಬಿಡಿಸಿ ತರುತ್ತದೆ.

ಮರ ಸಕ್ಕರೆ ಕೊಡುತ್ತದೆ ಎನ್ನುವುದಕ್ಕೆ ಒಳ್ಳೇ ಪುರಾವೆ ಸ್ವೀಡನ್‌ನಿಂದ ಬಂದಿದೆ. 2001ರಲ್ಲಿ ಪ್ರಕಟವಾದ ಪ್ರಯೋಗ. ಪೈನ್ ಮರಗಳ ತೊಗಟೆಯನ್ನು ಸುತ್ತಲೂ ಉಂಗುರದಂತೆ ತೆಗೆದರು. ಸಕ್ಕರೆ ಕೆಳಗೆ ಇಳಿಯುವುದು ನಿಂತಿತು. ಒಂದೆರಡು ತಿಂಗಳಲ್ಲಿ ಮಣ್ಣಿನ ಉಸಿರಾಟ ಸುಮಾರು ಅರ್ಧಕ್ಕೆ ಇಳಿಯಿತು. ಬೇರಿನ ಜೊತೆಗಾರ ಅಣಬೆಗಳು ಆ ಮರಗಳ ಕೆಳಗೆ ಹೆಚ್ಚುಕಡಿಮೆ ಏಳಲೇ ಇಲ್ಲ. ಹೈಗ ಕಡಿದರೆ ನಿಮ್ಮ ಕೆಂಪು ಅಣಬೆಯೂ ಹೋಗುತ್ತದೆ.

ತೋಟಿಗ, ಯಲ್ಲಾಪುರ

ತಂಗಿ, ಹಾಗಾದರೆ ಅಂಗಡಿಯಲ್ಲಿ ವ್ಯಾಮ್ ಎಂದು ಪುಡಿ ಕೊಡುತ್ತಾರಲ್ಲ, ಅದೂ ಇದೇಯಾ? ಅಡಿಕೆ ಸಸಿಗೆ ಹಾಕಿದ್ದೇನೆ, ಒಂದು ಅಣಬೆಯೂ ಎದ್ದಿಲ್ಲ.

ಬೇರು ನೋಡುವವಳು, ಶಿರಸಿ

ಅಣ್ಣ, ಅದು ಇನ್ನೊಂದು ಜಾತಿಯ ಜೊತೆಗಾರಿಕೆ. ಅದರಿಂದ ಅಣಬೆ ಏಳುವುದೂ ಇಲ್ಲ. ಅಡಿಕೆ, ಬಾಳೆ, ಕಾಳುಮೆಣಸು, ಏಲಕ್ಕಿ, ಮಾವು, ಹಲಸು, ಸಾಗವಾನಿ, ಮತ್ತಿ, ಮುರುಗಲು, ಹೀಗೆ ನಮ್ಮ ಘಟ್ಟದ ಹೆಚ್ಚಿನ ಗಿಡಮರಗಳಿಗೆ ಆರ್ಬಸ್ಕ್ಯುಲರ್ ಮೈಕೊರೈಜಾ ಇರುತ್ತದೆ. ವ್ಯಾಮ್ ಎಂಬುದು ಅದರದ್ದೇ ಹಳೇ ಹೆಸರು. ಆ ಶಿಲೀಂಧ್ರ ಬೇರಿನ ಕೋಶದ ಗೋಡೆ ದಾಟಿ ಒಳಗೆ ಹೋಗಿ ಸಣ್ಣ ಪೊದೆಯಂತೆ ಕವಲೊಡೆಯುತ್ತದೆ. ಬೀಜಾಣುಗಳನ್ನು ಮಣ್ಣಿನಲ್ಲೇ ಬಿಡುತ್ತದೆ. ಅದರಲ್ಲಿ ಕೊಡೆ ಇರುವ ಅಣಬೆ ಹುಟ್ಟುವುದಿಲ್ಲ. ತುಂಬಾ ಹಳೇ ನೆಂಟಸ್ತನ ಇದು. ಸ್ಕಾಟ್ಲೆಂಡಿನ ರೈನೀ ಎಂಬಲ್ಲಿ ಸಿಕ್ಕ ಸುಮಾರು 40 ಕೋಟಿ ವರ್ಷ ಹಿಂದಿನ ಸಸ್ಯಗಳ ಪಳೆಯುಳಿಕೆಯಲ್ಲೂ ಅದೇ ಪೊದೆಗಳು ಕಾಣುತ್ತವೆ.

ಸಾಗವಾನಿ ನೆಡುತೋಪಿನಲ್ಲಿ ಅಣಬೆ ಕಂಡರೆ ಅದು ಬೇರಿನ ಜೊತೆಗಾರ ಇರಲಿಕ್ಕಿಲ್ಲ, ದರಕು ಅಥವಾ ಕಟ್ಟಿಗೆ ಕೊಳೆಸುವುದು ಇರಬೇಕು. ಮರದ ಹೆಸರು ಗೊತ್ತಿದ್ದರೆ ಇಷ್ಟು ಊಹೆ ಸಾಧ್ಯ.

ಇನ್ನೊಂದು ಮಾತು. ರಂಜಕದ ಗೊಬ್ಬರ ಮೊಗೆಮೊಗೆದು ಹಾಕಿದರೆ ಗಿಡ ಈ ಜೊತೆಗಾರನನ್ನು ಕಡಿಮೆ ಮಾಡಿಕೊಳ್ಳುತ್ತದೆ. ಸುಲಭದಲ್ಲಿ ಸಿಗುವಾಗ ಸಕ್ಕರೆ ಕೊಟ್ಟು ತರಿಸಿಕೊಳ್ಳುವ ಅಗತ್ಯ ಅದಕ್ಕೆ ಇರುವುದಿಲ್ಲ. ವ್ಯಾಮ್ ಹಾಕಿ ಮೇಲೆ ರಂಜಕ ಸುರಿದರೆ ದುಡ್ಡು ದಂಡ.

ಕಾಳಿ ದಂಡೆ, ಕಾರವಾರ

ಮೂರನೆಯದು ನಮ್ಮ ಅಳ್ಮಿ! ಕೊಂಕಣಿಯವರ ಮನೆಯಲ್ಲಿ ಮಳೆಗಾಲ ಅಂದರೆ ಇದರ ದಾರಿ ಕಾಯುವುದು. ಗೋವಾದಲ್ಲಿ ಇದನ್ನು ಎಲೆಯಲ್ಲಿ ಕಟ್ಟಿ ರಸ್ತೆ ಬದಿ ಮಾರುತ್ತಾರೆ, ಬೆಲೆ ಕೇಳಿದರೆ ಮೀನಿಗಿಂತ ಜಾಸ್ತಿ.

ಇದು ಟರ್ಮಿಟೋಮೈಸಿಸ್. ಬುಡ ಅಗೆದರೆ ದಂಟು ಬೇರಿನ ಹಾಗೆ ಸಪೂರವಾಗಿ ಕೆಳಗೆ ಇಳಿಯುತ್ತಲೇ ಹೋಗುತ್ತದೆ, ಹುತ್ತದ ಗೂಡು ಮುಟ್ಟುವವರೆಗೆ. ಮರದ ಬೇರಿಗೂ ಇದಕ್ಕೂ ಸಂಬಂಧ ಇಲ್ಲ. ಒರಲೆಗಳು ಸೊಪ್ಪು, ಕಟ್ಟಿಗೆ ಅಗಿದು ತಂದು ಒಳಗೆ ಸ್ಪಂಜಿನಂತಹ ಹುಟ್ಟು ಕಟ್ಟುತ್ತವೆ. ಅದರ ಮೇಲೆ ಈ ಶಿಲೀಂಧ್ರ ಬೆಳೆಯುತ್ತದೆ. ಒರಲೆಗೆ ಅರಗದ ಕಟ್ಟಿಗೆಯ ಗಟ್ಟಿ ಭಾಗವನ್ನು ಅದು ಮೆತ್ತಗೆ ಮಾಡಿಕೊಡುತ್ತದೆ. ಬಿಳಿ ಗುಂಡುಗಳಾಗಿ ತಾನೂ ಆಹಾರ ಆಗುತ್ತದೆ. ಒರಲೆಗಳು ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಶುರು ಮಾಡಿದ ಬೇಸಾಯ ಇದು. ಮನುಷ್ಯರು ಮಾತ್ರ ಇದನ್ನು ಬಟನ್ ಅಣಬೆಯ ಹಾಗೆ ಕೊಟ್ಟಿಗೆಯಲ್ಲಿ ಬೆಳೆಯಲು ಆಗಿಲ್ಲ. ಒರಲೆ ಬೇಕೇ ಬೇಕು.

ನೆಲದ ಮೇಲೆ ಹುತ್ತ ಕಾಣಲೇಬೇಕು ಎಂದಿಲ್ಲ. ಎಷ್ಟೋ ಒರಲೆ ಗೂಡುಗಳು ಪೂರಾ ನೆಲದೊಳಗೇ ಇರುತ್ತವೆ. ಬಯಲಲ್ಲಿ ಸುಮ್ನೆ ಎದ್ದ ಹಾಗೆ ಕಾಣುವ ಅಳ್ಮಿಯ ಕೆಳಗೂ ಗೂಡು ಇದ್ದೇ ಇರುತ್ತದೆ.

ನನ್ನ ಬೇಸರ ಒಂದೇ. ಈಗೀಗ ಅರಳುವ ಮೊದಲೇ ಮೊಗ್ಗನ್ನೇ ಬಾಚಿ ತರುತ್ತಾರೆ, ಮೊಗ್ಗಿಗೆ ರುಚಿ, ಬೆಲೆ ಎರಡೂ ಜಾಸ್ತಿ ಎಂದು. ಹೊಸ ಗೂಡು ಕಟ್ಟುವ ಒರಲೆಗಳಲ್ಲಿ ಹೆಚ್ಚಿನವು ಶಿಲೀಂಧ್ರವನ್ನು ತಾಯಿ ಗೂಡಿನಿಂದ ತರುವುದಿಲ್ಲ. ಅರಳಿದ ಅಣಬೆಯಿಂದ ಉದುರಿದ ಬೀಜಾಣುವನ್ನು ಹೊರಗಿನಿಂದ ಹೊತ್ತು ತರುತ್ತವೆ. ಒಂದೂ ಅರಳಲು ಬಿಡದಿದ್ದರೆ ಹೊಸ ಗೂಡಿಗೆ ಬಿತ್ತನೆ ಎಲ್ಲಿಂದ? ಹುತ್ತ ಅಗೆಯುವವರಂತೂ ಮುಂದಿನ ವರ್ಷದ್ದನ್ನೂ ಅಗೆದು ಹಾಕುತ್ತಾರೆ. ನಮ್ಮ ಅಜ್ಜಿ, ಅರಳಿದ್ದನ್ನು ಅಲ್ಲೇ ಬಿಡಿ ಎನ್ನುತ್ತಿದ್ದರು. ನಾವು ಈಗಲೂ ಹಾಗೇ ಮಾಡುತ್ತೇವೆ.

ನಿರ್ವಾಹಕರು

ಒಂದು ವಿನಂತಿ. ಅಳ್ಮಿ ಏಳುವ ಜಾಗದ ಗುರುತು, ನಕ್ಷೆ ಯಾರೂ ಇಲ್ಲಿ ಹಾಕಬೇಡಿ. ಫೋಟೋದಲ್ಲಿ ಸ್ಥಳದ ಮಾಹಿತಿ ಉಳಿದಿದ್ದರೆ ತೆಗೆದು ಹಾಕಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗಿನಿಂದ ಏನನ್ನೂ ಕಿತ್ತು ತರಬೇಡಿ. ಅಲ್ಲಿ ಫೋಟೋ ಸಾಕು.

ಮಾಸ್ತರು, ಹೊನ್ನಾವರ

ನಮ್ಮ ಕಾಲದಲ್ಲಿ ಇಷ್ಟೆಲ್ಲ ನೋಡುತ್ತಿರಲಿಲ್ಲ. ಬೇಯುವಾಗ ಬೆಳ್ಳಿ ನಾಣ್ಯ ಹಾಕುವುದು, ಅರಿಶಿನ ಅಥವಾ ಬೆಳ್ಳುಳ್ಳಿ ಹಾಕುವುದು. ಕಪ್ಪಾದರೆ ಚೆಲ್ಲುವುದು. ಹುಳ ತಿಂದಿದ್ದರೆ ಮನುಷ್ಯರೂ ತಿನ್ನಬಹುದು ಎಂದು ಹಿರಿಯರು ಹೇಳುತ್ತಿದ್ದರು. ಇದಕ್ಕೆ ನಿಮ್ಮ ಅಭಿಪ್ರಾಯ ಏನು?

ದಾದಿ, ಅಂಕೋಲಾ

ಮಾಸ್ತರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ. ದಯವಿಟ್ಟು ಈ ಪರೀಕ್ಷೆಗಳನ್ನು ಯಾರಿಗೂ ಹೇಳಿಕೊಡಬೇಡಿ. ಇವುಗಳಲ್ಲಿ ಒಂದೂ ವಿಷ ಹಿಡಿಯುವುದಿಲ್ಲ.

ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿ ಇರುವ ಅಮಾಟಾಕ್ಸಿನ್‌ಗೆ ಬೆಳ್ಳಿ ಕಪ್ಪಾಗುವುದಿಲ್ಲ. ಬೆಳ್ಳುಳ್ಳಿಯ ಬಣ್ಣವೂ ಬದಲಾಗುವುದಿಲ್ಲ. ಬೇಯಿಸಿದರೆ, ಹುರಿದರೆ, ಒಣಗಿಸಿದರೆ ಆ ವಿಷ ಹೋಗುವುದಿಲ್ಲ. ಹುಳ, ಬಸವನಹುಳು ಅದನ್ನು ಆರಾಮಾಗಿ ತಿನ್ನುತ್ತವೆ, ಅವುಗಳ ದೇಹ ಬೇರೆ, ನಮ್ಮದು ಬೇರೆ. ರುಚಿಯೂ ಕೆಟ್ಟದಾಗಿ ಇರುವುದಿಲ್ಲ.

ನನಗೆ ಹೆದರಿಕೆ ಆಗುವುದು ಅದು ನಡೆದುಕೊಳ್ಳುವ ರೀತಿಗೆ. ತಿಂದ ಕೂಡಲೇ ಏನೂ ಆಗುವುದಿಲ್ಲ. 6 ಗಂಟೆಯಿಂದ 24 ಗಂಟೆಯ ಒಳಗೆ ವಾಂತಿ, ಭೇದಿ, ಹೊಟ್ಟೆನೋವು ಶುರುವಾಗುತ್ತದೆ. ಆಮೇಲೆ ಒಂದೆರಡು ದಿನ ಕಡಿಮೆಯಾದ ಹಾಗೆ ಕಾಣುತ್ತದೆ. ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಒಳಗೆ ಯಕೃತ್ತು ಸಾಯುತ್ತಾ ಇರುತ್ತದೆ. ಹಾಗಾಗಿ ಅಣಬೆ ತಿಂದು ಎಷ್ಟೋ ಹೊತ್ತಾದ ಮೇಲೆ ವಾಂತಿ ಬಂದರೆ ಅದು ಹೆಚ್ಚು ಅಪಾಯ. ಕಡಿಮೆಯಾಗಿದೆ ಎಂದು ಮನೆಯಲ್ಲಿ ಕೂರಬೇಡಿ. ಕೂಡಲೇ ಆಸ್ಪತ್ರೆಗೆ ಬನ್ನಿ. ಉಳಿದ ಅಣಬೆ, ಸಾರು, ಕಸದ ಬುಟ್ಟಿಗೆ ಹಾಕಿದ ಬುಡ, ಏನಿದ್ದರೂ ತನ್ನಿ. ಯಾವಾಗ ತಿಂದಿರಿ, ಯಾರು ಯಾರು ತಿಂದಿರಿ ಎಂದು ಹೇಳಿ. ಒಟ್ಟಿಗೆ ಊಟ ಮಾಡಿದವರು ಆರಾಮಿದ್ದರೂ ಕರೆದುಕೊಂಡೇ ಬನ್ನಿ.

ಚಿರೆಕಲ್ಲು, ಕುಮಟಾ

ದಾದಿ ಅಕ್ಕ ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಅಮಾನಿಟಾದ ಗುರುತು: ಕಿವಿರು ಹೆಚ್ಚಾಗಿ ಬಿಳಿ, ಬೀಜಾಣು ಅಚ್ಚು ಬಿಳಿ, ದಂಟಿನ ಮೇಲೆ ಹೆಚ್ಚಾಗಿ ಬಳೆ, ಬುಡದಲ್ಲಿ ಚೀಲ ಅಥವಾ ಗಡ್ಡೆ. ಹಳೆಯದಾದಾಗ, ಮಳೆಗೆ ಸಿಕ್ಕಾಗ ಬಳೆ ಉದುರಿಬಿಡಬಹುದು. ಹುತ್ತದ ಅಣಬೆಯಲ್ಲಿ ಚೀಲ ಇಲ್ಲ, ಬೇರಿನಂತಹ ಉದ್ದ ಬಾಲ ಇದೆ, ಅಚ್ಚು ನಸುಗೆಂಪು. ಅದಕ್ಕೇ ಬುಡ ನೋಡಿ ಎಂದು ಮತ್ತೆ ಮತ್ತೆ ಹೇಳುವುದು.

ಮನೆ ಅಂಗಳ, ಶಾಲೆ ಮೈದಾನದ ಹುಲ್ಲಿನಲ್ಲಿ ದೊಡ್ಡ ಬಿಳಿ ಕೊಡೆ, ಮೇಲೆ ಕಂದು ಚಕ್ಕೆ ಇರುವುದು ಬರುತ್ತದೆ. ಕ್ಲೋರೋಫಿಲ್ಲಮ್ ಮಾಲಿಬ್ಡೈಟಿಸ್. ಅದರ ಅಚ್ಚು ಹಸಿರು. ತಿಂದರೆ ಒಂದು ಗಂಟೆಯಿಂದ ಮೂರು ಗಂಟೆಯೊಳಗೆ ಜೋರು ವಾಂತಿ, ಭೇದಿ. ಎಳೆಯದಿರುವಾಗ ಕಿವಿರು ಬಿಳಿಯೇ ಇರುವುದರಿಂದ ಜನ ಅಳ್ಮಿ ಎಂದುಕೊಂಡು ಕೀಳುತ್ತಾರೆ.

ಮಾಸ್ತರು, ಹೊನ್ನಾವರ

ತಿಳಿಯಿತು ತಂಗಿ. ನಾಳೆ ನಮ್ಮ ಬೀದಿಯ ನಾಲ್ಕು ಮನೆಗೆ ಇದನ್ನು ನಾನೇ ಹೇಳಿ ಬರುತ್ತೇನೆ.

ಕಡಲ ತಡಿ, ಕಾರವಾರ

ನಮ್ಮಲ್ಲಿ ಕಡಲ ಬದಿಯ ಗಾಳಿ ಮರದ ತೋಪಿನಲ್ಲಿ, ಆಚೆ ಅಕೇಶಿಯಾ ಗುಡ್ಡದಲ್ಲಿ, ಅರ್ಧ ಮರಳಲ್ಲಿ ಹೂತ ಗುಂಡುಗಳು ಸಿಗುತ್ತವೆ. ಮುರಿದರೆ ಕಂದು ಪುಡಿ. ಇವೂ ಬೇರಿನ ಜೊತೆಗಾರರಾ? ಉಡುಪಿ ಕಡೆಯ ನೆಂಟರು ಕಲ್ಲಣಬೆ ಎಂದು ಒಂದನ್ನು ಪಲ್ಯ ಮಾಡುತ್ತಾರೆ, ಅದೇನಾ ಇದು?

ಬೇರು ನೋಡುವವಳು, ಶಿರಸಿ

ಅಕೇಶಿಯಾ ಕೆಳಗಿನದು ಪೈಸೊಲಿಥಸ್ ಇರಬಹುದು. ಎಳೆಯದನ್ನು ಸೀಳಿದರೆ ಒಳಗೆ ಬಟಾಣಿಯಷ್ಟು ದೊಡ್ಡ ಕಾಳುಗಳು ಒತ್ತಾಗಿ ಕಾಣುತ್ತವೆ, ಆಮೇಲೆ ಅವೇ ಕಂದು ಪುಡಿಯಾಗುತ್ತವೆ. ಹೌದು, ಅದೂ ಬೇರಿನ ಜೊತೆಗಾರ. ಆಸ್ಟ್ರೇಲಿಯಾದ ಅಕೇಶಿಯಾ, ನೀಲಗಿರಿ ಮರಗಳ ಜೊತೆ ಅವುಗಳ ಶಿಲೀಂಧ್ರಗಳೂ ಊರೂರು ತಿರುಗಿವೆ. ಕಾಳಿಲ್ಲದೆ, ಒಳಗೆ ಪೂರಾ ನೇರಳೆ ಕಪ್ಪು, ಸಿಪ್ಪೆ ದಪ್ಪ ಇದ್ದರೆ ಸ್ಕ್ಲೆರೋಡರ್ಮಾ. ಅದು ಹೊಟ್ಟೆ ಕೆಡಿಸುತ್ತದೆ.

ಗಾಳಿ ಮರ ಕಾರವಾರಕ್ಕೆ ಬಂದದ್ದು 1868ರಲ್ಲಿ. ಭಾರತದಲ್ಲಿ ಅದರ ನೆಡುತೋಪು ಶುರುವಾದದ್ದೇ ನಿಮ್ಮ ಊರಿನಿಂದ. ಬರೀ ಮರಳಲ್ಲಿ ಅದು ಹೇಗೆ ಬದುಕುತ್ತದೆ ಎನ್ನುವುದಕ್ಕೆ ಉತ್ತರ ಬೇರಿನಲ್ಲೇ ಇದೆ. ಅದರ ಬೇರಿಗೆ ಎರಡೂ ತರದ ಮೈಕೊರೈಜಾ ಕೂಡುತ್ತವೆ. ಜೊತೆಗೆ ಫ್ರಾಂಕಿಯಾ ಎಂಬ ಬ್ಯಾಕ್ಟೀರಿಯಾ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ.

ಕಲ್ಲಣಬೆ ಬೇರೆ. ಅದು ಆಸ್ಟ್ರಿಯಸ್. ಮೊದಲ ಮಳೆಗೆ ಚಿರೆಮಣ್ಣಿನಲ್ಲಿ ಗುಂಡಗೆ ಏಳುತ್ತದೆ, ಒಳಗೆ ಬಿಳಿ ಇರುವಾಗ ತಿನ್ನುತ್ತಾರೆ. ಬಲಿತ ಮೇಲೆ ಹೊರಸಿಪ್ಪೆ ನಕ್ಷತ್ರದಂತೆ ಬಿಚ್ಚಿಕೊಳ್ಳುತ್ತದೆ. ಅದೂ ಬೇರಿನ ಜೊತೆಗಾರನೇ. ಗುಂಡಗಿನ ಯಾವ ಅಣಬೆಯನ್ನಾದರೂ ಮೇಲಿಂದ ಕೆಳಗೆ ಸರಿಯಾಗಿ ಎರಡು ಹೋಳು ಮಾಡಿ ನೋಡಿ. ಒಳಗೆ ಟೋಪಿ, ದಂಟಿನ ಆಕಾರ ಮಸುಕಾಗಿ ಕಂಡರೂ ಅದು ಎಳೇ ಅಮಾನಿಟಾ ಆಗಿರಬಹುದು. ಮುಟ್ಟದೆ ಬಿಡಿ.

ಹಾರ್ನ್‌ಬಿಲ್ ಹುಡುಗ, ದಾಂಡೇಲಿ

ಮರಗಳು ಈ ಎಳೆಗಳ ಮೂಲಕ ಒಂದಕ್ಕೊಂದು ಮಾತಾಡುತ್ತವೆ, ತಾಯಿ ಮರ ಮರಿಗಳಿಗೆ ಊಟ ಕಳಿಸುತ್ತದೆ ಎಂದು ವಿಡಿಯೋಗಳಲ್ಲಿ ನೋಡಿದ್ದೇನೆ. ಕಾನಿನಲ್ಲೂ ಹಾಗೇ ನಡೆಯುತ್ತದಾ?

ಬೇರು ನೋಡುವವಳು, ಶಿರಸಿ

ತಮ್ಮಾ, ಇಲ್ಲಿ ಸ್ವಲ್ಪ ನಿಧಾನ ಬೇಕು. ಮೈಕೊರೈಜಾ ಎಂಬ ಹೆಸರು ಕೊಟ್ಟದ್ದು ಜರ್ಮನಿಯ ಫ್ರಾಂಕ್, 1885ರಲ್ಲಿ. ಟ್ರಫಲ್ ಎಂಬ ನೆಲದೊಳಗಿನ ಅಣಬೆಯನ್ನು ಬೆಳೆಸುವ ದಾರಿ ಹುಡುಕಲು ಹೋಗಿ, ಬೇರಿನ ಹೊದಿಕೆಯ ಅರ್ಥ ಕಂಡುಕೊಂಡರು. ಅಲ್ಲಿಂದ ಇಲ್ಲಿಯವರೆಗೆ, ಬೇರು ಮತ್ತು ಶಿಲೀಂಧ್ರದ ಕೊಡುಕೊಳ್ಳುವಿಕೆಗೆ ಬೇಕಾದಷ್ಟು ಪುರಾವೆ ಇದೆ. ಮರದಿಂದ ಮರಕ್ಕೆ ಎನ್ನುವುದು ಬೇರೆ ಪ್ರಶ್ನೆ. 1997ರಲ್ಲಿ ಕೆನಡಾದ ಸುಜಾನ್ ಸಿಮಾರ್ಡ್ ಮತ್ತು ಜೊತೆಗಾರರು ಬರ್ಚ್, ಡಗ್ಲಸ್ ಫರ್ ಸಸಿಗಳ ನಡುವೆ ಇಂಗಾಲ ದಾಟುವುದನ್ನು ಕಾಡಿನಲ್ಲೇ ಅಳೆದು ತೋರಿಸಿದರು. ಅಲ್ಲಿಂದ ತಾಯಿ ಮರದ ಕಥೆ ಜೋರಾಗಿ ಹಬ್ಬಿತು. 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಹಳೇ ಪ್ರಯೋಗಗಳನ್ನೆಲ್ಲ ತಿರುಗಿ ನೋಡಿದರು. ಕಾಡಿನಲ್ಲಿ ಇಂತಹ ಜಾಲ ಎಲ್ಲ ಕಡೆ ಇದೆ, ದೊಡ್ಡ ಮರ ತನ್ನ ಮರಿಗಳನ್ನೇ ಗುರುತಿಸಿ ಊಟ ಕಳಿಸುತ್ತದೆ ಎನ್ನಲು ಪುರಾವೆ ಸಾಲದು ಎಂದು ಬರೆದರು.

ಆ ಪ್ರಯೋಗಗಳಲ್ಲಿ ಹೆಚ್ಚಿನವು ತಂಪು ದೇಶದ ಕಾಡಿನಲ್ಲಿ ನಡೆದವು. ಅಲ್ಲಿ ಮರದ ಜಾತಿ ಕಡಿಮೆ, ಹೆಚ್ಚಿನವು ಎಕ್ಟೋ ಗುಂಪು. ನಮ್ಮ ಕಾನಿನಲ್ಲಿ ಒಂದು ಹೈಗದ ಸುತ್ತ ಎಷ್ಟೋ ಬೇರೆ ಗುಂಪಿನ ಮರಗಳು ನಿಂತಿರುತ್ತವೆ. ಹೈಗದ ಶಿಲೀಂಧ್ರಕ್ಕೂ ಪಕ್ಕದ ಮುರುಗಲಿನ ಶಿಲೀಂಧ್ರಕ್ಕೂ ನಂಟೇ ಇಲ್ಲ. ಹಾಗಾಗಿ ಅಲ್ಲಿನ ಕಥೆಯನ್ನು ಇಲ್ಲಿಗೆ ಹಾಗೇ ಅಂಟಿಸಬಾರದು ಅಂತ ನನಗೆ ಅನಿಸುತ್ತದೆ. ಗಟ್ಟಿಯಾಗಿ ಗೊತ್ತಿರುವ ಸಂಗತಿಯೇ ಸಾಕಷ್ಟು ಚಂದ ಇದೆ, ಅಲ್ವಾ?

ತೋಟಿಗ, ಯಲ್ಲಾಪುರ

ದರಕಿನ ವಿಷಯ ಕೇಳಬೇಕಿತ್ತು. ಬೇಸಿಗೆಯಲ್ಲಿ ಬೆಟ್ಟದ ದರಕು ಗುಡಿಸಿ ತಂದು ಕೊಟ್ಟಿಗೆಗೆ, ತೋಟಕ್ಕೆ ಹಾಕುವುದು ನಮ್ಮ ರೂಢಿ. ಇದರಿಂದ ಈ ಬೇರುಗಳಿಗೆ ತೊಂದರೆ ಆಗುತ್ತದಾ? ದರಕಿಲ್ಲದೆ ತೋಟ ನಡೆಯುವುದಿಲ್ಲ.

ಚಿರೆಕಲ್ಲು, ಕುಮಟಾ

ದರಕು ಬಿಡಿ ಎಂದು ನಾನು ಹೇಳುವುದಿಲ್ಲ, ತೋಟದವರ ಕಷ್ಟ ಗೊತ್ತಿದೆ. ಆದರೆ ಈ ಜೊತೆಗಾರ ಬೇರುಗಳು ಹೆಚ್ಚಾಗಿ ಮೇಲಿನ ಕೆಲವೇ ಇಂಚು ಮಣ್ಣಿನಲ್ಲಿ, ಕೊಳೆತ ದರಕಿನ ಅಡಿಗೇ ಇರುವುದು. ಮೇಲಿನ ಒಣ ಎಲೆ ತೆಗೆದರೆ ಒಂದು ಲೆಕ್ಕ. ಕಪ್ಪು ಮಣ್ಣು ಬರುವವರೆಗೆ ಕೆರೆದರೆ ಬೇರಿನ ತುದಿಗಳೇ ಎದ್ದು ಬರುತ್ತವೆ, ಮಳೆ ಬಿದ್ದಾಗ ಉಳಿದ ಮಣ್ಣೂ ಕೊಚ್ಚಿ ಹೋಗುತ್ತದೆ. ಹೈಗ, ಬೋಗಿ ಇರುವ ಜಾಗದಲ್ಲಿ ಅದರ ನೆರಳು ಬೀಳುವಷ್ಟನ್ನು ಗುಡಿಸದೆ ಬಿಡಿ. ಬೆಟ್ಟದ ಉಳಿದ ಮರಗಳ ದರಕು ನಿಮ್ಮ ತೋಟಕ್ಕೆ ಇರಲಿ. ಬೆಂಕಿ ಮಾತ್ರ ಬೀಳದ ಹಾಗೆ ನೋಡಿಕೊಳ್ಳಿ.

ಕಾನಂಚಿನ ಮನೆ, ಸಿದ್ದಾಪುರ

ಎಲ್ಲರಿಗೂ ಧನ್ಯವಾದ. ನೀವು ಹೇಳಿದ ಹಾಗೆ ಮಾಡಿದ್ದೇನೆ. ಕೆಂಪಿನದು ಹಾಲು ಬಿಡಲಿಲ್ಲ, ಅಚ್ಚು ತಿಳಿ ಕೆನೆ ಬಣ್ಣ. ತೂತಿನದರ ಅಚ್ಚು ಹಸಿರು ಬೆರೆತ ಕಂದು. ಹುತ್ತದ್ದು ನಸುಗೆಂಪು. ಅದರ ಬಾಲ ಮೊಣಕೈ ಮುಳುಗುವಷ್ಟು ಅಗೆದರೂ ಮುಗಿಯಲಿಲ್ಲ, ಗೂಡು ಒಡೆಯಬಾರದು ಎಂದು ಅಲ್ಲೇ ನಿಲ್ಲಿಸಿ ಮಣ್ಣು ಮುಚ್ಚಿದೆ. ಭೂತಗನ್ನಡಿಯಲ್ಲಿ ಹೈಗದ ಬೇರು ನೋಡಿದ್ದು ತುಂಬಾ ಖುಷಿ ಕೊಟ್ಟಿತು. ತುದಿಗಳ ಮೇಲೆ ಬಿಳಿ ಹೊದಿಕೆ ಸ್ಪಷ್ಟ ಇದೆ. ಪಕ್ಕದ ಮುರುಗಲಿನ ಬೇರನ್ನೂ ತೆಗೆದು ನೋಡಿದೆ, ಅಂತಹದೇನೂ ಇಲ್ಲ.

ಅಡಿಕೆ ಮರದ ಸುತ್ತ ಕಂದಕ ತೆಗೆಯಲು ಜನ ಹೇಳಿದ್ದೇನೆ. ಭಾವನೂ ಕೈ ಹಾಕುತ್ತಾರಂತೆ.

ಎರಡು ಪ್ರಶ್ನೆ ಉಳಿದಿವೆ. ರಸ್ಸುಲಾದಲ್ಲಿ ಯಾವ ಜಾತಿ? ಮತ್ತೆ, ಹೈಗದ ಸಸಿ ಮಾಡಿ ಬೆಟ್ಟದಲ್ಲಿ ನೆಡಬೇಕು ಎಂದಿದ್ದೇನೆ. ಈ ಶಿಲೀಂಧ್ರವನ್ನು ಸಸಿಗೆ ಹೇಗೆ ಕೂಡಿಸುವುದು?

ಚಿರೆಕಲ್ಲು, ಕುಮಟಾ

ಜಾತಿ ಹೇಳಲು ಫೋಟೋ ಸಾಲುವುದಿಲ್ಲ. ಕೆಂಪು ಟೋಪಿಯ ರಸ್ಸುಲಾಗಳು ಬಹಳ. ಸೂಕ್ಷ್ಮದರ್ಶಕದಲ್ಲಿ ಬೀಜಾಣುವಿನ ಮೇಲಿನ ಮುಳ್ಳು, ಗೆರೆ ನೋಡಬೇಕು. ಈಗ ಡಿಎನ್‌ಎ ಕೂಡ ನೋಡುತ್ತಾರೆ. ಯುರೋಪಿನ ಪುಸ್ತಕದಲ್ಲಿ ಇರುವ ಹೆಸರನ್ನು ನಮ್ಮದಕ್ಕೆ ಇಟ್ಟುಬಿಡುವುದು ಸುಲಭ, ಆದರೆ ಅವುಗಳ ಮರ ಪೈನ್, ಓಕ್. ನಿಮ್ಮದರ ಮರ ಹೈಗ. ಸದ್ಯಕ್ಕೆ ರಸ್ಸುಲಾ, ಹೈಗದ ಕೆಳಗೆ, ಆರಿದ್ರಾ ಮಳೆ ಎಂದು ಬರೆದಿಡಿ. ಒಂದೆರಡನ್ನು ತೆಳ್ಳಗೆ ಸೀಳಿ, ಒಲೆಯ ಮೇಲಿನ ಅಟ್ಟದಲ್ಲಿ ಹದವಾದ ಬಿಸಿಗೆ ಗರಿಗರಿ ಆಗುವವರೆಗೆ ಒಣಗಿಸಿ. ಬೇಯಬಾರದು. ಕಾಗದದ ಲಕೋಟೆಯಲ್ಲಿ ಅಚ್ಚಿನ ಜೊತೆ ಇಡಿ. ಪ್ಲಾಸ್ಟಿಕ್ ಬೇಡ, ಬೂಜು ಬರುತ್ತದೆ. ಶಿರಸಿಯ ಅರಣ್ಯ ಕಾಲೇಜಿನಲ್ಲಿ ವಿಚಾರಿಸಿ ನೋಡಿ.

ಸಸಿಮಡಿ, ಹೊನ್ನಾವರ

ಸಸಿಯ ಪ್ರಶ್ನೆಗೆ ನಾನು ಹೇಳುತ್ತೇನೆ. ಹೈಗದ ಬೀಜ ಇಟ್ಟರೆ ಕೆಡುತ್ತದೆ, ಒಣಗಿದರೆ ಮೊಳೆಯುವ ಶಕ್ತಿ ಹೋಯಿತು. ಮಳೆ ಹತ್ತುವ ಹೊತ್ತಿಗೆ ಎರಡು ರೆಕ್ಕೆಯ ಕಾಯಿ ಉದುರುತ್ತದೆ, ಆರಿಸಿದ ಕೂಡಲೇ ಹಾಕಬೇಕು. ಮರದಲ್ಲಿ ಮುಳ್ಳುಮುಳ್ಳಾದ ದುಂಡು ಕಾಯಿಯಂತಹದು ಕಾಣುತ್ತದೆ, ಅದನ್ನು ಆರಿಸಬೇಡಿ. ಅದು ಕಾಯಲ್ಲ, ಒಂದು ಸಣ್ಣ ಕೀಟ ಮಾಡಿದ ಗಂಟು. ಹೈಗವನ್ನು ದೂರದಿಂದ ಗುರುತಿಸಲು ಮಾತ್ರ ಅದು ಒಳ್ಳೇ ಸಹಾಯ.

ಶಿಲೀಂಧ್ರಕ್ಕೆ ಪುಡಿ ಹುಡುಕಬೇಡಿ. ಅಂಗಡಿಯ ವ್ಯಾಮ್ ಹೈಗಕ್ಕೆ ಬೇಕಾದ ಗುಂಪಿನದಲ್ಲ. ತಾಯಿ ಮರದ ಕೆಳಗಿನ ಮೇಲ್ಮಣ್ಣನ್ನು, ಸಣ್ಣ ಬೇರಿನ ಚೂರುಗಳ ಸಮೇತ, ಸಸಿಯ ಕೊಟ್ಟೆಯ (ಚೀಲದ) ಮಣ್ಣಿಗೆ ಒಂದೊಂದು ಹಿಡಿ ಬೆರೆಸಿ. ಒಂದೇ ಕಡೆ ಅಗೆಯದೆ ಅಲ್ಲಲ್ಲಿ ಸ್ವಲ್ಪ ಸ್ವಲ್ಪ ತೆಗೆಯಿರಿ. ದೂರದ ಊರಿನ ಮಣ್ಣು ತರಬೇಡಿ, ರೋಗವೂ ಜೊತೆಗೆ ಬರುತ್ತದೆ. ತೋಟದ ಮಣ್ಣನ್ನೂ ಸೇರಿಸಬೇಡಿ, ನಿಮ್ಮಲ್ಲಿ ಅಣಬೆ ರೋಗ ಇದೆ. ಗೊಬ್ಬರ ಕಡಿಮೆ, ನೆರಳು ಇರಲಿ. ನೆಡುವಾಗ ಸಾಧ್ಯವಾದರೆ ಹಳೇ ಹೈಗದ ಹತ್ತಿರದಿಂದ ಶುರು ಮಾಡಿ, ಅಲ್ಲಿ ಮಣ್ಣಿನಲ್ಲಿ ಎಳೆಗಳು ಆಗಲೇ ಇರುತ್ತವೆ. ಈ ಸಲದ ಕಾಯಿ ಇನ್ನೂ ನೆಲದ ಮೇಲೆ ಮೊಳಕೆ ಒಡೆದು ಬಿದ್ದಿರಬಹುದು, ಪುನರ್ವಸು ಮುಗಿಯುವುದರೊಳಗೆ ಹೋಗಿ ನೋಡಿ ಬನ್ನಿ.